ಬೆಂಚಲ್ಲಿ ಕೂರುವ ಹುಡುಗರನ್ನು ಹಿಡಿದಿಟ್ಟುಕೊಳ್ಳೋದು ಹೇಗೆ? ಅಮೆರಿಕನ್ ಫುಟ್‌ಬಾಲ್ ಬಲ್ಲವರು ಹೇಳಿ

ನಾಲೆ ಏರಿ ಹುಡುಗ, ಪಾಂಡವಪುರ:
ನಮ್ಮೂರ ಕಬಡ್ಡಿ ತಂಡ ನೋಡಿಕೊಳ್ಳುತ್ತೇನೆ. ಹನ್ನೆರಡು ಹುಡುಗರು. ಏಳು ಜನ ಆಡುತ್ತಾರೆ, ಐದು ಜನ ಕೂತಿರುತ್ತಾರೆ. ಆ ಐವರಲ್ಲಿ ಇಬ್ಬರು ಮೂರು ವಾರದಿಂದ ಅಭ್ಯಾಸಕ್ಕೇ ಬಂದಿಲ್ಲ. ಕೇಳಿದರೆ "ಬಂದು ನೀರಿನ ಬಾಟ್ಲಿ ಕಾಯಬೇಕಾ ಅಣ್ಣಾ" ಅನ್ನುತ್ತಾರೆ. ಮೇನ್ ರೈಡರ್ ಬೇರೆ, ತಾನಿಲ್ಲದೆ ತಂಡವೇ ಇಲ್ಲ ಅಂದುಕೊಂಡಿದ್ದಾನೆ. ನಿಜ ಹೇಳಬೇಕಂದ್ರೆ ನಾನೂ ಹಾಗೇ ಅಂದುಕೊಂಡಿದ್ದೇನೆ. ಡಲ್ಲಾಸ್‌ನಲ್ಲಿರುವ ಭಾವ "ಎನ್ಎಫ್ಎಲ್ ಕೋಚ್‌ಗಳನ್ನ ನೋಡಿ ಕಲಿ" ಅಂತ ದಿನಾ ವಿಡಿಯೊ ಕಳಿಸುತ್ತಾನೆ. ಎನ್ಎಫ್ಎಲ್ ಅಂದರೆ ಅಲ್ಲಿನ ಫುಟ್‌ಬಾಲ್ ಲೀಗಂತೆ. ಹೆಲ್ಮೆಟ್ ಹಾಕಿಕೊಂಡು ಗುದ್ದಾಡೋದು ಬಿಟ್ಟರೆ ನನಗೇನೂ ತಿಳಿಯಲಿಲ್ಲ.

ಬೋಗಾದಿ ಬಾಯ್:
ಅವರ ತಂಡದಲ್ಲಿ 53 ಜನ. ಕೂತವನಿಗೂ ಕೋಟಿಗಟ್ಟಲೆ ಸಂಬಳ. ನಿಮ್ಮ ಹುಡುಗನಿಗೆ ಸಿಗೋದು ಒಂದು ಪ್ಲೇಟ್ ಬಿರಿಯಾನಿ, ಅದೂ ಗೆದ್ದರೆ. ಸುಮ್ನೆ ಹೋಲಿಸಬೇಡಿ.

ಹಳೇ ಪಿ.ಟಿ. ಮೇಷ್ಟ್ರು, ಕುವೆಂಪುನಗರ:
ಬಿರಿಯಾನಿ ವಿಷಯ ಒಪ್ಪಿದೆ. ಆದರೂ ಒಂದು ಕತೆ ಹೇಳುತ್ತೇನೆ. ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋಗಿದ್ದೆವು. ಹೆಂಡತಿ ಮಗು ನೋಡಿಕೊಂಡಳು, ನಾನು ಭಾನುವಾರ ಪೂರ್ತಿ ಅಳಿಯನ ಜೊತೆ ಟಿವಿ ಮುಂದೆ. ಮೊದಲ ತಿಂಗಳು ಚೆಂಡು ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ.

ಅಳಿಯ ಹೇಳಿದ ಕತೆ ಮಯಾಮಿ ಡಾಲ್ಫಿನ್ಸ್ ತಂಡದ್ದು. 1972ನೇ ಇಸವಿ, ಕೋಚ್ ಡಾನ್ ಶೂಲಾ. ಆ ಆಟದ ಕ್ವಾರ್ಟರ್‌ಬ್ಯಾಕ್ ಅಂದರೆ ಮೇನ್ ರೈಡರೂ ಕ್ಯಾಪ್ಟನ್ನೂ ಒಬ್ಬನೇ ಆದ ಹಾಗೆ. ಅವರ ಕ್ವಾರ್ಟರ್‌ಬ್ಯಾಕ್ ಬಾಬ್ ಗ್ರೀಸಿ ಐದನೇ ಪಂದ್ಯದಲ್ಲಿ ಕಾಲು ಮುರಿದುಕೊಂಡ. ಬೆಂಚಿನಿಂದ ಎದ್ದವನು ಅರ್ಲ್ ಮೊರಾಲ್, ವಯಸ್ಸು 38. ನಮ್ಮಲ್ಲಾಗಿದ್ದರೆ ಸ್ಟಾಫ್ ಮ್ಯಾಚಿಗೆ ಕರೆಯುತ್ತಿದ್ದೆವು ಅಷ್ಟೆ. ಹಳೇ ತಂಡ ಕೈಬಿಟ್ಟಿದ್ದವನನ್ನು ಶೂಲಾ ಅದೇ ವರ್ಷ ಕರೆತಂದಿದ್ದರು. ಹಿಂದೆ ಬಾಲ್ಟಿಮೋರಿನಲ್ಲಿ ಆಡಿಸಿದ್ದರಿಂದ ಅವನ ಕೈ ಗೊತ್ತಿತ್ತು. ಲೀಗಿನಲ್ಲಿ ಉಳಿದಿದ್ದು ಒಂಬತ್ತು ಪಂದ್ಯ. ಒಂಬತ್ತೂ ಗೆದ್ದರು.

ನನಗೆ ಹಿಡಿಸಿದ್ದು ಆಮೇಲಿನದು. ಫೈನಲ್‌ಗೆ ಮುಂಚಿನ ಪಂದ್ಯ, ಪಿಟ್ಸ್‌ಬರ್ಗ್ ಎದುರು ಅರ್ಧ ಆಟಕ್ಕೆ 7-7. ಕಾಲು ವಾಸಿಯಾಗಿದ್ದ ಗ್ರೀಸಿಯನ್ನು ಶೂಲಾ ಇಳಿಸಿದರು, ಗೆದ್ದರು. ಸೂಪರ್ ಬೌಲ್, ಅಂದರೆ ಫೈನಲ್‌ಗೂ ಗ್ರೀಸಿಯೇ. ಅಲ್ಲಿಯವರೆಗೆ ಸೋಲದೆ ತಂದವನು ಮತ್ತೆ ಬೆಂಚಿಗೆ! ಮೊರಾಲ್ ರಂಪ ಮಾಡಲಿಲ್ಲ. ವಾಷಿಂಗ್ಟನ್ ಎದುರು 14-7. ಆ ವರ್ಷ ಆಡಿದ್ದು 17, ಗೆದ್ದಿದ್ದು 17. ಒಂದೂ ಸೋಲದೆ ಸೂಪರ್ ಬೌಲ್ ಗೆದ್ದ ತಂಡ ಇವತ್ತಿಗೂ ಅದೊಂದೇ.

ಕೇಳುತ್ತಾ ನನಗೆ ಸಂಕಟ ಆಯಿತು. ನಾನು ಉಲ್ಟಾ ಮಾಡಿದ್ದೆ. ತಾಲ್ಲೂಕು ಫೈನಲ್, ನಮ್ಮ ರೈಡರ್ ಪಾದ ಉಳುಕಿತು. ಬೆಂಚಿನ ಹುಡುಗನನ್ನು ಕಳಿಸಿದೆ. ಇಡೀ ವರ್ಷದಲ್ಲಿ ಅವನ ಕೈಲಿ ನೆಟ್ಟಗೆ ಹತ್ತು ರೈಡ್ ಮಾಡಿಸಿರಲಿಲ್ಲ. ಗೆರೆ ದಾಟಿದವನು ಕಬಡ್ಡಿ ಕಬಡ್ಡಿ ಅನ್ನೋದನ್ನೇ ಮರೆತು ನಿಂತ. ಜನ ನಕ್ಕರು. ನಾನು ಎಲ್ಲರೆದುರು ಬೈದೆ. ಆಮೇಲೆ ಅವನು ಮೈದಾನಕ್ಕೆ ಬರಲಿಲ್ಲ.

ನಿಮಗೆ ಬೇಕಾದ್ದು ಇಷ್ಟು. ಆ ತಂಡಗಳಲ್ಲಿ ಆಡದವರಿಗೂ ವಾರವಿಡೀ ಕೆಲಸ ಇರುತ್ತೆ. ಸ್ಕೌಟ್ ಟೀಮ್ ಅನ್ನುತ್ತಾರೆ. ಮುಂದಿನ ಎದುರಾಳಿ ಹೇಗೆ ಆಡುತ್ತಾನೋ ಹಾಗೇ ಆಡಿ ತಮ್ಮವರಿಗೆ ಅಭ್ಯಾಸ ಕೊಡೋದು. ನಿಮ್ಮ ಐವರನ್ನೂ ಎದುರು ತಂಡದ ಮ್ಯಾಚ್ ನೋಡೋಕೆ ಕಳಿಸಿ. ಅವರ ಲೆಫ್ಟ್ ಕಾರ್ನರ್ ಪಾದ ಹೇಗೆ ಹಿಡಿಯುತ್ತಾನೆ ಅಂತ ಕಲಿತು ಬಂದು ನಿಮ್ಮ ಮೇನ್ ರೈಡರನ್ನು ಹಾಗೇ ಹಿಡಿಯಲಿ. ನಾಲ್ಕು ಸಲ ಮಣ್ಣು ಮುಕ್ಕಿದರೆ ಅವನ ಜಂಬಕ್ಕೂ ಒಳ್ಳೇದು.

ಆಲೆಮನೆ, ಮದ್ದೂರು:
ನಮ್ಮಲ್ಲೂ ಪಾಕದ ಹದ ನೋಡೋನು ಒಬ್ಬನೇ ಇದ್ದ. ಅವನು ಹಬ್ಬಕ್ಕೆ ಹೋದ ದಿನ ಒಂದು ಕೊಪ್ಪರಿಗೆ ಪೂರ್ತಿ ಸೀದು ಹೋಯಿತು. ಈಗ ಗಾಣಕ್ಕೆ ಕಬ್ಬು ಕೊಡುವ ಹುಡುಗನನ್ನು ದಿನಕ್ಕೊಂದು ಕೊಪ್ಪರಿಗೆಗೆ ನಿಲ್ಲಿಸುತ್ತೇನೆ. ಹಳಬ ಮುಖ ಊದಿಸಿಕೊಂಡಿದ್ದಾನೆ. ಮೇಷ್ಟ್ರೇ, ಅದಕ್ಕೇನು ಔಷಧಿ?

ಹಳೇ ಪಿ.ಟಿ. ಮೇಷ್ಟ್ರು:
ಹುಡುಗನಿಗೆ ಹದ ಕಲಿಸೋ ಕೆಲಸ ಹಳಬನಿಗೇ ಕೊಡಿ. ಕೂಲಿ ಸ್ವಲ್ಪ ಜಾಸ್ತಿ ಮಾಡಿ.

ನಾಲೆ ಏರಿ ಹುಡುಗ:
ಆ ಇಬ್ಬರ ಮನೆಗೂ ಹೋಗಿ ಬಂದೆ. ಒಬ್ಬ ಇವತ್ತು ಸಂಜೆ ಬಂದ, ಮೇನ್ ರೈಡರನ್ನು ಎರಡು ಸಲ ಕೆಡವಿದ. ಇನ್ನೊಬ್ಬ ಗದ್ದೆಗೆ ನೀರು ಕಟ್ಟಬೇಕು, ನಾಳೆ ನೋಡೋಣ ಅಂದ. ಅಂದಹಾಗೆ ಮೇಷ್ಟ್ರೇ, ನೀವು ಬೈದ ಆ ಹುಡುಗ ಆಮೇಲೆ ಸಿಕ್ಕಿದ್ನಾ?

ಹಳೇ ಪಿ.ಟಿ. ಮೇಷ್ಟ್ರು:
ಸಿಕ್ಕಿದ. ದೇವರಾಜ ಮಾರ್ಕೆಟ್ಟಿನಲ್ಲಿ ಹೂವು ಮಾರುತ್ತಿದ್ದ. ನಮಸ್ಕಾರ ಹೇಳಿ ಒಂದು ಮೊಳ ಜಾಸ್ತಿ ಹಾಕಿಕೊಟ್ಟ. ಆ ಮ್ಯಾಚಿನ ಮಾತು ಇಬ್ಬರೂ ಎತ್ತಲಿಲ್ಲ.