‘ಪ್ರೊಬೇಷನ್ ಆಫೀಸರ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ನನ್ನ ಅಕ್ಕನ ಮಗಳು ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದಾಳೆ. ಪ್ರೊಬೇಷನ್ ಆಫೀಸರ್ ಆಗಬೇಕು ಅಂತ ಆಸೆ. ಮೊನ್ನೆ ಮನೆಗೆ ಬಂದ ನೆಂಟರೊಬ್ಬರು ‘ಯಾವ ಬ್ಯಾಂಕಮ್ಮಾ?’ ಅಂದರು. ಇನ್ನೊಬ್ಬರು ‘ಕಾಯಂ ಯಾವಾಗ ಮಾಡ್ತಾರೆ?’ ಅಂತ ಕೇಳಿದರು. ಅವರ ತಪ್ಪಲ್ಲ ಬಿಡಿ. ನಮ್ಮಲ್ಲಿ ಪ್ರೊಬೇಷನರಿ ಅಂದರೆ ಕೆಲಸ ಇನ್ನೂ ಗಟ್ಟಿಯಾಗದವರು. ಇಲ್ಲಿ ಒರೆಗೆ ಹಚ್ಚುವುದು ಅಧಿಕಾರಿಯನ್ನಲ್ಲ, ತಪ್ಪು ಸಾಬೀತಾದರೂ ಕೋರ್ಟು ಜೈಲಿಗೆ ಕಳಿಸದೆ ಬಿಟ್ಟವರನ್ನು.

ಅವಳ ಜೊತೆ ಓದುವವರಿಗೆ ಈ ಕೆಲಸದ ಬಗ್ಗೆ ಒಂದು ಪುಟ ಬರೆದುಕೊಡೋಣ ಅಂತ ಕೂತೆ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ.

ಸರ್ಕಾರಿ ಕನ್ನಡದಲ್ಲಿ ‘ಪರಿವೀಕ್ಷಣಾಧಿಕಾರಿ’ ಅಂತಿದೆ. ನನಗೆ ಅದನ್ನು ಕೇಳಿದ ಕೂಡಲೇ ನೆನಪಾಗುವುದು ಲೋಕೋಪಯೋಗಿ ಇಲಾಖೆಯ ಪರಿವೀಕ್ಷಣಾ ಮಂದಿರ! ರಸ್ತೆ, ಸೇತುವೆ ನೋಡಲು ಬಂದ ಸಾಹೇಬರ ಹಾಗೆ ಕೇಳಿಸುತ್ತದೆ. 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ 14ನೇ ಕಲಮು ಓದಿದರೆ ಕೆಲಸವೇ ಬೇರೆ. ಆರೋಪಿಯ ಮನೆ, ಸುತ್ತಮುತ್ತ ವಿಚಾರಿಸಿ ಕೋರ್ಟಿಗೆ ವರದಿ ಕೊಡಬೇಕು. ಬಿಟ್ಟವರ ಮೇಲೆ ಕಣ್ಣಿಡಬೇಕು. ಬೇಕಾದರೆ ಅವರಿಗೊಂದು ಕೆಲಸ ಹುಡುಕಿಕೊಡಲು ಓಡಾಡಬೇಕು. ಪರಿಹಾರದ ಹಣ ಕಟ್ಟಲು ನೆರವಾಗಬೇಕು. ಇದರಲ್ಲಿ ‘ವೀಕ್ಷಣೆ’ ಎಷ್ಟು, ಹೇಳಿ? ಇಂಗ್ಲೆಂಡಿನ 1907ರ ಕಾಯ್ದೆಯಲ್ಲಿ ಬುದ್ಧಿ ಹೇಳು, ನೆರವಾಗು, ಗೆಳೆಯನಾಗು ಅಂತ ಮೂರು ಮಾತಿದ್ದವು. ನಮ್ಮ ಕಲಮಿಗೆ ಮೊದಲೆರಡು ಬಂದವು, ಗೆಳೆತನ ಬರಲಿಲ್ಲ. ನಮ್ಮ ಕನ್ನಡ ಪದಕ್ಕಂತೂ ಮೂರೂ ಬರಲಿಲ್ಲ.

‘ಉಸ್ತುವಾರಿ ಅಧಿಕಾರಿ’ ಅಂತ ಬರೆದು ನೋಡಿದೆ. ಜಿಲ್ಲಾ ಉಸ್ತುವಾರಿ ಸಚಿವರು ಬಂದು ನಿಂತರು. ಹೊಡೆದುಹಾಕಿದೆ.

ಪ್ರೊಬೇಷನ್ ಮೇಲೆ ಬಿಡುವುದಕ್ಕೆ ಹೇಳುವ ‘ಸನ್ನಡತೆ’ಯದು ಇನ್ನೊಂದು ಗೋಜಲು. ಜೈಲಿನಲ್ಲಿ ವರ್ಷಗಟ್ಟಲೆ ಇದ್ದವರನ್ನು ಮೊದಲೇ ಬಿಟ್ಟರೂ ಪತ್ರಿಕೆಗಳು ‘ಸನ್ನಡತೆ ಆಧಾರದ ಮೇಲೆ ಬಿಡುಗಡೆ’ ಅನ್ನುತ್ತವೆ. ನಮ್ಮ 1958ರ ಕಾಯ್ದೆಯ 4ನೇ ಕಲಮಿನ ಬಿಡುಗಡೆ ಹಾಗಲ್ಲ. ಇಲ್ಲಿ ಶಿಕ್ಷೆ ಹೇಳುವ ಬದಲು ಮುಚ್ಚಳಿಕೆ ಬರೆಸಿಕೊಂಡು ಬಿಡುತ್ತಾರೆ, ಹೆಚ್ಚೆಂದರೆ 3 ವರ್ಷದ ಅವಧಿಗೆ. ಮರಣದಂಡನೆ, ಜೀವಾವಧಿ ಆಗಬಹುದಾದ ಅಪರಾಧಗಳಿಗೆ ಇದಿಲ್ಲ. ‘ಮುಚ್ಚಳಿಕೆ ಬಿಡುಗಡೆ’ ಅಂದರೆ ಹಳ್ಳಿಯವರಿಗೂ ಹೊಳೆಯುತ್ತದೆ ಅಂತ ನನ್ನ ಎಣಿಕೆ. ಜೈಲಿನಲ್ಲಿದ್ದವರಿಗೆ ಸಿಗುವ ಪೆರೋಲಿನ ಜೊತೆ ಜನ ಇದನ್ನು ಬೆರೆಸುವುದೂ ನಿಂತೀತು.

ಇನ್ನು ‘ರಿಹ್ಯಾಬಿಲಿಟೇಷನ್’ಗೆ ಹೇಳುವ ‘ಪುನರ್ವಸತಿ’. ಅದು ಆಲಮಟ್ಟಿಯಲ್ಲಿ ಮನೆ ಮುಳುಗಿದವರ ಮಾತು. ಇವರಿಗೆ ಮನೆ ಇರುತ್ತದೆ, ಊರೇ ಮುಖ ತಿರುಗಿಸಿರುತ್ತದೆ. ಸದ್ಯಕ್ಕೆ ‘ಮತ್ತೆ ಬದುಕು ಕಟ್ಟಿಕೊಳ್ಳಲು ನೆರವು’ ಅಂತ ಉದ್ದಕ್ಕೆ ಬರೆದಿದ್ದೇನೆ.

ಅಧಿಕಾರಿಗೆ ‘ಪ್ರೊಬೇಷನ್ ಆಫೀಸರ್’ ಅಂತಲೇ ಇಟ್ಟುಬಿಡೋಣ ಅನಿಸಿದೆ. ಆದರೆ ಬಿಟ್ಟವರನ್ನು ಏನನ್ನುವುದು? ಕಾನೂನಿನಲ್ಲಿ ಅವರು ‘ಪ್ರೊಬೇಷನರ್’. ಹೊಸದಾಗಿ ಸೇರಿದ ಕೆಎಎಸ್ ಅಧಿಕಾರಿಯೂ ಪ್ರೊಬೇಷನರೇ! 3 ವರ್ಷ ಅವರನ್ನು ‘ಅಪರಾಧಿ’ ಅಂತ ಕರೆಯಲು ನನಗೆ ಮನಸ್ಸಿಲ್ಲ. ಕೋರ್ಟಿನ ಜಗಲಿಯಲ್ಲಿ ಗುಮಾಸ್ತರು, ವಕೀಲರು ಏನಂತಾರೆ? ಧಾರವಾಡ, ಕಲಬುರಗಿ ಕಡೆಯವರು ಕೇಳಿದ್ದರೆ ತಿಳಿಸಿ.