ಹೋಮ್ ಲೋನ್ ತೀರಿಸಿ ಎನ್‌ಒಸಿ ಬಂತು, ಆದ್ರೆ ಇಸಿಲಿ ಇನ್ನೂ ಬ್ಯಾಂಕ್ ಹೆಸ್ರಿದೆ, ಏನ್ ಮಾಡ್ಬೇಕು?

ಮೈಸೂರಿನವಳು:
ಎಲ್ರಿಗೂ ನಮಸ್ಕಾರ. ಅಪ್ಪ 2009ರಲ್ಲಿ ಮನೆ ಕಟ್ಟೋಕೆ ತಗೊಂಡಿದ್ದ ಸಾಲ ಹೋದ ತಿಂಗಳು ಪೂರ್ತಿ ತೀರ್ತು, ಕೊನೇ ಕಂತು ಕಟ್ಟಿದ ದಿನ ಮನೇಲಿ ಪಾಯಸ ಮಾಡ್ಸಿದ್ರು ಅಪ್ಪ, ಅಷ್ಟು ಖುಷಿ. ಬ್ಯಾಂಕಿಂದ ಎನ್‌ಒಸಿ, ಅಂದ್ರೆ ಸಾಲ ಬಾಕಿ ಇಲ್ಲ ಅನ್ನೋ ಪತ್ರ, ಕೈಗೆ ಬಂದಿದೆ, ಪತ್ರಗಳನ್ನ ಮುಂದಿನ ವಾರ ಕೊಡ್ತೀವಿ ಅಂದಿದಾರೆ. ನಿನ್ನೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಲ್ಲಿ ಇಸಿ (ಆಸ್ತಿ ಮೇಲಿನ ಸಾಲ, ವ್ಯವಹಾರ ತೋರಿಸೋ ಋಣಭಾರ ಪತ್ರ) ತೆಗೆದು ನೋಡಿದ್ರೆ ಫಾರಂ 15, ಅಂದ್ರೆ ಋಣ ಇದೆ ಅನ್ನೋ ನಮೂನೆ ಬಂತು, ಅದ್ರಲ್ಲಿ ಬ್ಯಾಂಕ್ ಹೆಸ್ರು ಸಾಲದ ಮೊತ್ತ ಎಲ್ಲಾ ಹಾಗೇ ಇದೆ. ಬ್ರಾಂಚಲ್ಲಿ ಕೇಳಿದ್ರೆ ಎನ್‌ಒಸಿ ಇದೆಯಲ್ಲಮ್ಮ ಸಾಕು ಅಂತಾರೆ. ನಿಜವಾಗ್ಲೂ ಸಾಕಾ? ನಾಳೆ ನಾನೂ ನನ್ನ ತಮ್ಮನೂ ಭಾಗ ಮಾಡ್ಕೊಳೋವಾಗ ತೊಂದ್ರೆ ಆಗ್ಬಾರ್ದು.

ಹಳೇ ಬ್ಯಾಂಕಿನವ:
ಸಾಕಾಗಲ್ಲಮ್ಮ. ಸಾಲ ಕೊಡೋವಾಗ ಅಪ್ಪನ ಹತ್ರ ಎಂಒಡಿ, ಅಂದ್ರೆ ಮೂಲಪತ್ರ ಬ್ಯಾಂಕಲ್ಲಿ ಇಟ್ಟಿದೀವಿ ಅನ್ನೋ ಪತ್ರನ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡ್ಸಿರ್ತಾರೆ, ಇಸಿಲಿ ಕಾಣ್ತಿರೋದು ಅದೇ. ರಿಜಿಸ್ಟರ್ ಆಗಿರೋದನ್ನ ಬಿಡಿಸೋಕೂ ರಿಜಿಸ್ಟರೇ ಆಗ್ಬೇಕು, ಡಿಸ್ಚಾರ್ಜ್ ಡೀಡ್ ಅಂತಾರೆ, ಬ್ಯಾಂಕಿನ ಕಡೆಯಿಂದ ಅಧಿಕಾರ ಇರೋ ಆಫೀಸರ್ ಬಂದು ಸೈನ್ ಹಾಕ್ಬೇಕು. ಬರೀ ಲೆಟರ್ ಹೆಡ್ ಮೇಲೆ ಬರ್ಕೊಟ್ಟಿದ್ದು ಇಸಿಗೆ ಏರಲ್ಲ. ಇನ್ನೊಂದು, ಡೀಡ್ ಆದ್ಮೇಲೂ ಹಳೇ ಸಾಲು ಅಳಿಸಿ ಹೋಗಲ್ಲ, ಅದು ಅಲ್ಲೇ ಇದ್ದು ಡಿಸ್ಚಾರ್ಜ್ ಆಯ್ತು ಅನ್ನೋ ಹೊಸ ಸಾಲು ಸೇರುತ್ತೆ, ಅದು ನೋಡಿ ಗಾಬರಿ ಆಗ್ಬೇಡಿ.

ಆರ್‌ಬಿಐ 2023ರ ಸೆಪ್ಟೆಂಬರಲ್ಲಿ ಹೊರಡಿಸಿದ ಆದೇಶ ಇದೆ, ಅದೇ ವರ್ಷ ಡಿಸೆಂಬರ್ 1ರಿಂದ ಜಾರಿ. ಸಾಲ ತೀರಿದ 30 ದಿನದೊಳಗೆ ಮೂಲಪತ್ರ ಎಲ್ಲಾ ಕೊಡ್ಬೇಕು, ಯಾವುದೇ ರಿಜಿಸ್ಟ್ರಿಲಿ ಹಾಕಿರೋ ಚಾರ್ಜ್ (ಆಸ್ತಿ ಮೇಲಿನ ಬ್ಯಾಂಕಿನ ಹಕ್ಕಿನ ದಾಖಲೆ) ಕೂಡ ತೆಗೀಬೇಕು, ಬ್ಯಾಂಕಿನ ತಪ್ಪಿಂದ ತಡ ಆದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಸೆರ್ಸಾಯ್ ಅನ್ನೋ ಕೇಂದ್ರ ರಿಜಿಸ್ಟ್ರಿಲೂ ನಿಮ್ಮ ಮನೆ ಮೇಲೆ ಎಂಟ್ರಿ ಇರಬಹುದು, ಇದ್ರೆ ಅದನ್ನೂ ಮುಚ್ಚಿಸಿ ಅಂತ ಕೇಳಿ.

ಜಯನಗರ ನಾಲ್ಕನೇ ಬ್ಲಾಕ್:
ಮೇಡಂ ದಯವಿಟ್ಟು ಪತ್ರ ತಗೊಳೋ ದಿನ ಆತುರ ಮಾಡ್ಬೇಡಿ. ನನ್ನ ಸಾಲ ಮುಗಿದಾಗ ಕೌಂಟರಲ್ಲಿ ಒಂದು ಕಂದು ಕವರ್ ಕೊಟ್ಟು ರಿಜಿಸ್ಟರಲ್ಲಿ ಸೈನ್ ಹಾಕಿ ಸರ್ ಅಂದ್ರು, ಹಿಂದೆ ಜನ ನಿಂತಿದ್ರು, ಹಾಕ್ಬಿಟ್ಟೆ. ಮನೆಗೆ ಬಂದು ಬಿಚ್ಚಿ ನೋಡಿದ್ರೆ ಕ್ರಯಪತ್ರ ಇದೆ, ತಾಯಿಪತ್ರ (ಹಿಂದಿನ ಮಾಲೀಕರ ಕಾಲದ ಮೂಲ ಪತ್ರ) ಇಲ್ಲ. ಎಲ್ಲಾ ಮುಟ್ಟಿದೆ ಅಂತ ನಾನೇ ಬರ್ಕೊಟ್ಟಿದೀನಿ, ಇನ್ನೇನು ಮಾತಾಡೋದು. ಸಾಲ ತಗೊಳೋವಾಗ ಕೊಟ್ಟಿದ್ದ ಪಟ್ಟಿ ನನ್ನ ಹತ್ರ ಇದ್ದಿದ್ರಿಂದ ಉಳ್ಕೊಂಡೆ, ನಾಲ್ಕು ತಿಂಗಳು ಅಲೆದ ಮೇಲೆ ಬೇರೆ ಊರಿನ ಗೋಡೌನಲ್ಲಿ ಸಿಕ್ತು. ಆ ಪಟ್ಟಿ ಮುಂದೆ ಇಟ್ಕೊಂಡು ಒಂದೊಂದು ಹಾಳೆ ತಿರುವಿ ನೋಡಿ, ಹಿಂದಿನ ಸೀಲ್ ಸಮೇತ, ಆಮೇಲೆ ಸೈನ್.

ಬ್ಯಾಂಕೇ ಕಳೆದಿದ್ರೆ ದೃಢೀಕೃತ ನಕಲು ತೆಗೆಸೋಕೆ ಸಹಾಯ ಮಾಡಿ ಖರ್ಚನ್ನೂ ಅವ್ರೇ ಭರಿಸ್ಬೇಕು ಅಂತ ಅದೇ ಆದೇಶದಲ್ಲಿದೆ, ಅದಕ್ಕೆ ಇನ್ನೂ 30 ದಿನ ಟೈಮ್ ಸಿಗುತ್ತೆ ಅವ್ರಿಗೆ.

ಧಾರವಾಡದಾಂವ:
ಅಕ್ಕಾರ, ಹೊಲದ ಮ್ಯಾಲೂ ಸಾಲ ಇದ್ರ ಪಹಣಿ ಕಲಂ 11 ನೋಡ್ರಿ, ಅಲ್ಲಿ ಬೋಜಾ, ಅಂದ್ರ ಸಾಲದ ನಮೂದು, ಹಂಗ ಉಳಿದಿರ್ತೈತಿ. ನಮ್ಮ ಕಾಕಾಂದು ಸಾಲ ಮುಗದು ಆರು ವರ್ಷಾದ್ರೂ ಉಳದಿತ್ತು, ಹೊಲ ಮಾರೂಮುಂದ ಗೊತ್ತಾತು.

ಮೈಸೂರಿನವಳು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಹೊಲ ಇಲ್ಲ ಅಣ್ಣ, ಮನೆ ಒಂದೇ. ಇಸಿಲಿ ಎಂಒಡಿ ನಂಬರ್ ಬರ್ಕೊಂಡೆ. ಅಮ್ಮನ ಟ್ರಂಕಲ್ಲಿ ಹಳೇ ಪಟ್ಟಿನೂ ಸಿಕ್ತು, ಒಟ್ಟು 14 ಪತ್ರ. ಬ್ರಾಂಚವ್ರು ಬಾಯಲ್ಲಿ ಆಗಲ್ಲ ಅಂದ್ರೆ ಮುಂದೇನು?

ಹಳೇ ಬ್ಯಾಂಕಿನವ:
ಬಾಯಿಮಾತು ಬೇಡವೇ ಬೇಡ. ಸಾಲದ ಅಕೌಂಟ್ ನಂಬರ್, ತೀರಿದ ದಿನಾಂಕ, ಎಂಒಡಿ ನಂಬರ್ ಹಾಕಿ ಅಪ್ಪನ ಸೈನಲ್ಲಿ ಒಂದು ಲೆಟರ್ ಬರೀರಿ, ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲ್ ಮತ್ತು ತಾರೀಖು ಹಾಕಿಸ್ಕೊಳಿ. 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಅಥವಾ ಬಂದ ಉತ್ತರ ಸರಿ ಇಲ್ಲ ಅಂದ್ರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಬ್ಯಾಂಕ್ ಮೇಲಿನ ದೂರು ವಿಚಾರಿಸೋ ಅಧಿಕಾರಿ) ಆನ್‌ಲೈನಲ್ಲೇ ದೂರು ಕೊಡಬಹುದು, ದುಡ್ಡು ಕಟ್ಟೋ ಹಾಗಿಲ್ಲ, ಲಾಯರೂ ಬೇಡ. ಆ ಸೀಲ್ ಇರೋ ಪ್ರತಿನ ಸ್ಕ್ಯಾನ್ ಮಾಡಿ ಲಗತ್ತಿಸಿ.