ಹೋಟೆಲ್ ಕೆಲಸ ಮಾಡಿಕೊಂಡೇ ಟೂರಿಸಂನಲ್ಲಿ ಪಿಎಚ್‌ಡಿ ಮಾಡಬಹುದಾ? ಮೈಸೂರು ಕಡೆಯವರು ಹೇಳಿ

ಫ್ರಂಟ್‌ಆಫೀಸ್_ಮೈಸೂರು:

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವಳು. ಎಂಟಿಎ (ಟೂರಿಸಂನಲ್ಲಿ ಸ್ನಾತಕೋತ್ತರ ಪದವಿ) ಮುಗಿಸಿ ಮೈಸೂರಿನ ಒಂದು ಹೋಟೆಲ್ ಸೇರಿದೆ, ಈಗ ಅಲ್ಲೇ ಫ್ರಂಟ್ ಆಫೀಸ್ ನೋಡಿಕೊಳ್ಳುತ್ತಿದ್ದೇನೆ. ವಯಸ್ಸು 32. ಪಿಎಚ್‌ಡಿ ಮಾಡಬೇಕು ಅನ್ನೋ ಆಸೆ ಓದುವಾಗಲೇ ಇತ್ತು, ಈಗ ಅದಕ್ಕೊಂದು ಕಾರಣವೂ ಸಿಕ್ಕಿದೆ.

ಪ್ರತಿ ವೀಕೆಂಡ್ ನಮ್ಮ ಕೌಂಟರ್‌ನಲ್ಲಿ ಒಂದೇ ಕಥೆ. ಶನಿವಾರ ಮಧ್ಯಾಹ್ನ ಬೆಂಗಳೂರಿನ ಗಾಡಿಗಳು ಸಾಲಾಗಿ ಬರುತ್ತವೆ. ಭಾನುವಾರ ಚೆಕ್‌ಔಟ್ ಮಾಡಿ, ಬ್ಯಾಗೆಲ್ಲ ನಮ್ಮ ಹತ್ತಿರವೇ ಇಟ್ಟು, ಝೂ, ಚಾಮುಂಡಿ ಬೆಟ್ಟ ಮುಗಿಸಿಕೊಂಡು, ಸಂಜೆ ಅರಮನೆ ದೀಪ ನೋಡಿ, ಬ್ಯಾಗ್ ತಗೊಂಡು ಸೀದಾ ಹೈವೇ ಹತ್ತುತ್ತಾರೆ. "ಇನ್ನೊಂದು ದಿನ ಇರಿ ಸರ್, ಸೋಮನಾಥಪುರ ನೋಡಿಕೊಂಡು ಹೋಗಿ, ಈಗ ಯುನೆಸ್ಕೋ ಪಟ್ಟಿಯಲ್ಲೂ ಇದೆ" ಅಂದರೆ, "ಇಲ್ಲೇ ಪಕ್ಕ ಅಲ್ವಾ ಮೇಡಂ, ಇನ್ನೊಂದ್ಸಲ ಬರ್ತೀವಿ" ಅನ್ನುತ್ತಾರೆ. ಎರಡನೇ ರಾತ್ರಿಗೆ ರೇಟ್ ಇಳಿಸಿ ನೋಡಿದ್ದೇವೆ, ಊಟ ಸೇರಿಸಿ ಕೊಟ್ಟಿದ್ದೇವೆ. ಹೇಳಿಕೊಳ್ಳುವಂಥ ಬದಲಾವಣೆ ಏನೂ ಆಗಲಿಲ್ಲ. ಜನ ಒಂದು ಊರಿನಲ್ಲಿ ಇನ್ನೊಂದು ರಾತ್ರಿ ಉಳಿಯೋದು ಯಾವುದರಿಂದ? ಇದನ್ನು ಸರಿಯಾಗಿ ಕಂಡುಹಿಡಿಯಬೇಕು ಅನ್ನೋದೇ ನನ್ನ ಆಸೆ.

ಆದರೆ ಕೆಲಸ ಬಿಡೋ ಪರಿಸ್ಥಿತಿ ಇಲ್ಲ, ಮನೆ ಸಾಲ ಇದೆ. ಪಾರ್ಟ್ ಟೈಮ್ ಆಗುತ್ತಾ? ನೆಟ್ (ಕಾಲೇಜು ಮೇಷ್ಟ್ರಾಗೋಕೆ ಬರೆಯೋ ರಾಷ್ಟ್ರಮಟ್ಟದ ಪರೀಕ್ಷೆ) ಬೇಕೇ ಬೇಕಾ? ಮುಗಿಸಿದ ಮೇಲೆ ಪಾಠ ಮಾಡೋ ಕೆಲಸ ಸಿಗುತ್ತಾ? ಇನ್ನೊಂದು ವಿಷಯ. "ಗೈಡ್, ಥೀಸಿಸ್ ಎಲ್ಲಾ ನಾವೇ ನೋಡ್ಕೋತೀವಿ, ನೀವು ದುಡ್ಡು ಕಟ್ಟಿ ಸಾಕು" ಅಂತ ಒಬ್ಬರು ಫೋನ್ ಮಾಡಿದ್ದರು. ಇದೆಲ್ಲ ಹೀಗೇ ನಡೆಯುತ್ತಾ?

ಗಂಗೋತ್ರಿ_ಮೇಷ್ಟ್ರು:

ಮೊದಲು ಆ ಫೋನ್ ನಂಬರ್ ಬ್ಲಾಕ್ ಮಾಡಿ ಮೇಡಂ. ದುಡ್ಡು ಕೊಟ್ಟು ಬರೆಸಿದ ಥೀಸಿಸ್ ಇಟ್ಟುಕೊಂಡು ವೈವಾದಲ್ಲಿ (ಕೊನೆಯ ಮೌಖಿಕ ಪರೀಕ್ಷೆಯಲ್ಲಿ) ಕೂತವರ ಪಾಡು ನಾನು ನೋಡಿದ್ದೇನೆ. ತಮ್ಮದೇ ಟೇಬಲ್ ತೋರಿಸಿ "ಇದನ್ನು ಯಾಕೆ ಹಾಕಿದಿರಿ" ಅಂದರೆ ಬಾಯಿ ಬರಲ್ಲ. ಬೇರೆಯವರ ಬರಹದ ಜೊತೆ ಹೋಲಿಕೆ 10%ಗಿಂತ ಜಾಸ್ತಿ ಬಂದರೆ ಯುಜಿಸಿಯ (ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡೋ ಆಯೋಗದ) 2018ರ ನಿಯಮದ ಪ್ರಕಾರ ಕ್ರಮ ಇದೆ. ಅದು ಹೋಗಲಿ, ಇಷ್ಟು ಒಳ್ಳೇ ಪ್ರಶ್ನೆ ಇಟ್ಟುಕೊಂಡವರು ಅದನ್ನು ಇನ್ನೊಬ್ಬರ ಕೈಗೆ ಯಾಕೆ ಕೊಡಬೇಕು?

ಈಗ ನಿಯಮದ ಮಾತು. 2022ರ ನವೆಂಬರ್‌ನಲ್ಲಿ ಬಂದ ಯುಜಿಸಿ ಪಿಎಚ್‌ಡಿ ನಿಯಮದಲ್ಲಿ ಪಾರ್ಟ್ ಟೈಮ್‌ಗೆ ಅವಕಾಶ ಇದೆ. ಕೆಲಸ ಮಾಡೋ ಸಂಸ್ಥೆಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಅದು ಬರೀ "ನಮ್ಮ ಆಕ್ಷೇಪಣೆ ಇಲ್ಲ" ಅನ್ನೋ ಒಂದು ಸಾಲು ಆದರೆ ಸಾಲದು. ಸಂಶೋಧನೆಗೆ ಸಮಯ ಸಿಗುತ್ತದೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್ (ಸಂಶೋಧನೆಗೆ ಮುಂಚಿನ ತರಗತಿ, ಪರೀಕ್ಷೆ) ಮುಗಿಸಲು ಬಿಡುವು ಕೊಡುತ್ತೇವೆ ಅಂತ ಬರೆದುಕೊಡಬೇಕು. ಹೋಟೆಲ್‌ನವರ ಹತ್ತಿರ ಇದನ್ನು ಬರೆಸಿಕೊಳ್ಳೋದೇ ಕಷ್ಟದ ಕೆಲಸ, ದಸರಾ ಸೀಸನ್ ಮುಗಿದ ಮೇಲೆ ಕೇಳಿ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, 55% ಅಂಕ ಬರಬೇಕು. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿದರೆ ಇನ್ನೂ 2 ವರ್ಷ, ಮಹಿಳೆಯರಿಗೆ ಅದರ ಮೇಲೆ ಮತ್ತೆ 2. ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನ್‌ನಲ್ಲಿ ಪಿಎಚ್‌ಡಿ ಅಂತ ಯಾರಾದರೂ ಜಾಹೀರಾತು ಹಾಕಿದರೆ ಅದಕ್ಕೆ ಮಾನ್ಯತೆ ಇಲ್ಲ, ನೆನಪಿರಲಿ.

ನೆಟ್ ವಿಷಯ. ನಮ್ಮದು 93ನೇ ಸಬ್ಜೆಕ್ಟ್, ಟೂರಿಸಂ ಅಡ್ಮಿನಿಸ್ಟ್ರೇಷನ್ ಅಂಡ್ ಮ್ಯಾನೇಜ್‌ಮೆಂಟ್. 2024ರ ಜೂನ್‌ನಿಂದ ನೆಟ್ ಅಂಕವನ್ನೇ ಪಿಎಚ್‌ಡಿ ಪ್ರವೇಶಕ್ಕೂ ತಗೊಳ್ಳಬಹುದು ಅಂತ ಮಾಡಿದ್ದಾರೆ. ಜೆಆರ್‌ಎಫ್ (ನೆಟ್‌ನಲ್ಲಿ ಮೇಲಿನ ಅಂಕ ಬಂದವರಿಗೆ ಸಿಗೋ ಸಂಶೋಧನಾ ಫೆಲೋಶಿಪ್) ಆಗದೆ ಬರೀ ಅಂಕದ ಮೇಲೆ ಹೋಗುವವರಿಗೆ ಅಂಕಕ್ಕೆ 70%, ಸಂದರ್ಶನಕ್ಕೆ 30%, ಆ ಅಂಕ ಒಂದು ವರ್ಷ ಮಾತ್ರ ನಡೆಯುತ್ತದೆ. ನೀವು ಹೋಗಬೇಕೆಂದಿರುವ ವಿವಿ ಯಾವ ದಾರಿಯಲ್ಲಿ ಪ್ರವೇಶ ಕೊಡುತ್ತಿದೆ ಅಂತ ಆ ವರ್ಷದ ಪ್ರಕಟಣೆ ಓದಿಯೇ ತಿಳಿದುಕೊಳ್ಳಿ, ಸೀನಿಯರ್ ಹೇಳಿದರು ಅಂತ ನಂಬಿ ಕೂರಬೇಡಿ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30, ಮಹಿಳೆಯರಿಗೆ 5 ವರ್ಷ ಸಡಿಲಿಕೆ ಇದೆ, ಅಂದರೆ ನಿಮಗೆ ಇನ್ನೂ ಬಾಗಿಲು ತೆರೆದೇ ಇದೆ. ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಆದರೆ ಅದು ಫುಲ್ ಟೈಮ್‌ನವರಿಗೆ, ಕೆಲಸದಲ್ಲಿ ಇದ್ದುಕೊಂಡು ತಗೊಳ್ಳೋ ಹಾಗಿಲ್ಲ. ನಿಮ್ಮ ಹೋಟೆಲ್ ಸಂಬಳದ ಪಕ್ಕ ಈ ಲೆಕ್ಕ ಇಟ್ಟು ನೋಡಿ. ಕೆಲಸ ಬಿಡೋ ಪರಿಸ್ಥಿತಿ ಇಲ್ಲ ಅಂದಿರಿ, ಜೆಆರ್‌ಎಫ್ ಬಂದರೆ ಆ ಮಾತು ಬದಲಾಗಬಹುದು.

ಪಾಠ ಮಾಡೋ ಕೆಲಸದ ಬಗ್ಗೆ ನೇರವಾಗಿ ಹೇಳುತ್ತೇನೆ. 2023ರ ಜುಲೈನಿಂದ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ನೆಟ್ ಅಥವಾ ಸೆಟ್ (ರಾಜ್ಯಮಟ್ಟದ ಪರೀಕ್ಷೆ, ನಮ್ಮಲ್ಲಿ ಕೆಸೆಟ್) ಕನಿಷ್ಠ ಅರ್ಹತೆ, ಪಿಎಚ್‌ಡಿ ಕಡ್ಡಾಯ ಅಲ್ಲ. ಹಾಗಾಗಿ ಬರೀ ಮೇಷ್ಟ್ರ ಕೆಲಸ ಬೇಕು ಅಂತಿದ್ದರೆ ಮೊದಲು ನೆಟ್ ಅಥವಾ ಕೆಸೆಟ್ ಮುಗಿಸಿ. ಟೂರಿಸಂ ಹುದ್ದೆಗಳು ಕಡಿಮೆ. ತುಂಬಾ ಕಡೆ ಅತಿಥಿ ಉಪನ್ಯಾಸಕರನ್ನು ಇಟ್ಟುಕೊಂಡೇ ವಿಭಾಗ ನಡೆಯುತ್ತಿದೆ, ಇದು ನನಗೆ ತುಂಬಾ ನೋವಿನ ವಿಷಯ. ಪಿಎಚ್‌ಡಿ ಮಾಡೋದಾದರೆ ನಿಮ್ಮ ಆ ಪ್ರಶ್ನೆಗೋಸ್ಕರ ಮಾಡಿ.

ಗೈಡ್ ಹುಡುಕೋದನ್ನು ಮನೆಯಲ್ಲಿ ಸಂಬಂಧ ನೋಡುವಾಗ ನಾಲ್ಕು ಕಡೆ ವಿಚಾರಿಸುತ್ತೇವಲ್ಲ, ಹಾಗೆ ಮಾಡಿ. ಅವರ ಕೈಕೆಳಗೆ ಈಗ ಓದುತ್ತಿರುವವರ ಹತ್ತಿರ ಕೇಳಿ, ಮುಗಿಸಿದವರನ್ನು ಕೇಳಿ, ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ಓದಿ ವಾಪಸ್ ಕೊಡುತ್ತಾರೆ ಅಂತ ಕೇಳಿ. ಪ್ರೊಫೆಸರ್ ಹತ್ತಿರ 8, ಅಸೋಸಿಯೇಟ್ ಹತ್ತಿರ 6, ಅಸಿಸ್ಟೆಂಟ್ ಹತ್ತಿರ 4 ಜನ, ಅದಕ್ಕಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇದ್ದವರು ಹೊಸಬರನ್ನು ತಗೊಳ್ಳಲ್ಲ.

ಹಳೇಹೆದ್ದಾರಿ:

ಅಕ್ಕ, ನಾನು ಈಗ ಪಿಎಚ್‌ಡಿ ಮಾಡ್ತಾ ಇದ್ದೀನಿ, ಪಾರ್ಟ್ ಟೈಮೇ. ವಿಷಯ ನಿಮ್ಮದರ ಪಕ್ಕದ್ದು. 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಶುರುವಾದ ಮೇಲೆ ಮದ್ದೂರು, ಚನ್ನಪಟ್ಟಣದ ಹಳೇ ರಸ್ತೆಯ ಹೋಟೆಲ್, ಅಂಗಡಿಗಳಿಗೆ ಏನಾಯಿತು ಅಂತ.

ನಿಮ್ಮ ಪ್ರಶ್ನೆ ತುಂಬಾ ಇಷ್ಟವಾಯಿತು, ಅದಕ್ಕೇ ಒಂದು ತೊಡಕು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೌಂಟರ್‌ಗೆ ಬರೋರು ರೂಮ್ ತಗೊಂಡವರು ಮಾತ್ರ. ಬೆಳಿಗ್ಗೆ ಬೆಂಗಳೂರು ಬಿಟ್ಟು ರಾತ್ರಿ ಮನೆ ಸೇರೋ ಜನ ನಿಮಗೆ ಕಾಣೋದೇ ಇಲ್ಲ. ಉಳಿಯದೇ ಇರೋದಕ್ಕೆ ಕಾರಣ ಗೊತ್ತಾಗಬೇಕು ಅಂದರೆ ಅವರನ್ನೇ ಕೇಳಬೇಕು ಅಲ್ವಾ? ಭಾನುವಾರ ದೀಪ ಆರಿದ ಮೇಲೆ ಅರಮನೆ ಹತ್ತಿರದ ಪಾರ್ಕಿಂಗ್‌ನಲ್ಲಿ ನಿಂತು ನೋಡಿ, ಮಗು ಎತ್ತಿಕೊಂಡು ಗಾಡಿ ಹುಡುಕುತ್ತಿರುವವರನ್ನು ಎರಡು ನಿಮಿಷ ಮಾತಾಡಿಸೋದು ಎಷ್ಟು ಕಷ್ಟ ಅಂತ ಆಗ ತಿಳಿಯುತ್ತದೆ. ನಿಮ್ಮ ಸಂಶೋಧನೆಯ ಅರ್ಧ ಕೆಲಸ ಅಲ್ಲೇ ಇದೆ.

ಸ್ಯಾಂಪಲ್, ಅಂದರೆ ಎಷ್ಟು ಜನರನ್ನು ಕೇಳಬೇಕು ಅನ್ನೋದರ ಬಗ್ಗೆಯೂ ಹೇಳಬೇಕು. ಶೋಧಗಂಗಾಗೆ (ಭಾರತದ ಥೀಸಿಸ್‌ಗಳನ್ನು ಇಡೋ ವೆಬ್‌ಸೈಟ್‌ಗೆ) ಹೋಗಿ ನಮ್ಮ ವಿಷಯದ ಥೀಸಿಸ್‌ಗಳನ್ನು ತೆಗೆದು ನೋಡಿ, 384 ಅನ್ನೋ ಸಂಖ್ಯೆ ಮತ್ತೆ ಮತ್ತೆ ಸಿಗುತ್ತದೆ. ಅದು ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಟೇಬಲ್‌ನಿಂದ ಬಂದದ್ದು. ಆ ಲೆಕ್ಕ ಹೊಂದೋದು ಎಲ್ಲರಿಗೂ ಆಯ್ಕೆಯಾಗುವ ಸಮಾನ ಅವಕಾಶ ಇದ್ದಾಗ. ಗೇಟ್ ಹತ್ತಿರ ಸಿಕ್ಕಿದವರಿಗೆಲ್ಲ ಫಾರಂ ಕೊಟ್ಟು 384 ತುಂಬಿಸಿದರೆ ಆ ಸಂಖ್ಯೆಗೆ ಅರ್ಥ ಉಳಿಯಲ್ಲ, ಕಮಿಟಿಯಲ್ಲಿ ಯಾರಾದರೂ ಚೆನ್ನಾಗಿ ಓದಿದವರು ಇದ್ದರೆ ಅಲ್ಲೇ ಹಿಡಿಯುತ್ತಾರೆ.

ಬರೀ ಫಾರಂ ಸಾಲದು ಅಂತ ನನಗೆ ಮನವರಿಕೆ ಆಗಿದ್ದು ಮದ್ದೂರಿನ ಹಳೇ ರಸ್ತೆಯ ಒಂದು ಹೋಟೆಲ್‌ನಲ್ಲಿ. "ವ್ಯಾಪಾರ ಕಡಿಮೆಯಾಗಿದೆಯಾ" ಅನ್ನೋ ಪ್ರಶ್ನೆಗೆ ಯಜಮಾನರು "ಹೌದು" ಅಂತ ಟಿಕ್ ಹಾಕಿ ಕೊಟ್ಟರು. ಆಮೇಲೆ ಕಾಫಿ ಕುಡಿಯುತ್ತಾ ಮಾತಿಗೆ ಕೂತಾಗ ದಿನದ ಲೆಕ್ಕದ ಪುಸ್ತಕ ತೆಗೆದು ತೋರಿಸಿದರು. ಕಾರಿನವರು ಹೋಗಿದ್ದಾರೆ, ನಿಜ. ಆದರೆ 2023ರ ಆಗಸ್ಟ್‌ನಲ್ಲಿ ಬೈಕ್, ಆಟೋಗಳನ್ನು ಎಕ್ಸ್‌ಪ್ರೆಸ್‌ವೇ ಮೇಲೆ ಬಿಡೋದು ನಿಲ್ಲಿಸಿದರಲ್ಲ, ಆಮೇಲೆ ಬೈಕಿನವರು ಇವರ ಕಡೆಗೇ ಬರುತ್ತಿದ್ದಾರೆ. ಬೆಳಿಗ್ಗೆಯ ವಡೆ ಕಡಿಮೆಯಾಗಿದೆ, ಸಂಜೆ ಕಾಫಿ ನಡೀತಾ ಇದೆ. ಒಂದರಿಂದ ಐದರವರೆಗೆ ಅಂಕ ಕೊಡಿ ಅನ್ನೋ ಯಾವ ಸ್ಕೇಲ್‌ನಲ್ಲೂ ಇದು ನನಗೆ ಸಿಗುತ್ತಿರಲಿಲ್ಲ.

ಫ್ರಂಟ್‌ಆಫೀಸ್_ಮೈಸೂರು:

ರೂಮ್ ತಗೊಳ್ಳದೇ ಇರೋರ ಬಗ್ಗೆ ನಾನು ಯೋಚನೆಯೇ ಮಾಡಿರಲಿಲ್ಲ, ತುಂಬಾ ಥ್ಯಾಂಕ್ಸ್. ಗೋಕುಲಂ ಕಡೆ ಯೋಗ ಕಲಿಯಲು ಬರೋ ವಿದೇಶಿಯರು ತಿಂಗಳುಗಟ್ಟಲೆ ಇರುತ್ತಾರಲ್ಲ, ಅವರನ್ನೂ ಸೇರಿಸಿಕೊಂಡರೆ ಹೇಗೆ? ಒಂದೇ ಊರು, ಒಬ್ಬರು ಒಂದು ರಾತ್ರಿ, ಇನ್ನೊಬ್ಬರು ಒಂದು ತಿಂಗಳು.

ಗಂಗೋತ್ರಿ_ಮೇಷ್ಟ್ರು:

ಬೇಡ. ಆಸೆ ಆಗುತ್ತದೆ, ಆದರೂ ಬೇಡ. ಅವರು ಬರೋದೇ ಕಲಿಯೋದಕ್ಕೆ, ಇರೋದು ಬಾಡಿಗೆ ಮನೆಯಲ್ಲಿ, ಅವರ ಲೆಕ್ಕಾಚಾರವೇ ಬೇರೆ. ಎರಡನ್ನೂ ಒಂದೇ ಥೀಸಿಸ್‌ಗೆ ತುಂಬಿದರೆ ಎರಡೂ ಅರೆಬರೆ ಆಗುತ್ತವೆ. ಅದನ್ನು ಮುಂದೆ ಒಂದು ಲೇಖನಕ್ಕೆ ಇಟ್ಟುಕೊಳ್ಳಿ. ನಮ್ಮಲ್ಲಿ "ಕರ್ನಾಟಕದ ಪ್ರವಾಸೋದ್ಯಮ: ಒಂದು ಅಧ್ಯಯನ" ಅನ್ನೋ ಅಳತೆಯ ವಿಷಯ ತಗೊಂಡು ಬರೋರೇ ಜಾಸ್ತಿ. ನಿಮ್ಮದು ಬೆಂಗಳೂರಿನಿಂದ ಸ್ವಂತ ಗಾಡಿಯಲ್ಲಿ ವಾರಾಂತ್ಯಕ್ಕೆ ಮೈಸೂರಿಗೆ ಬರೋರು, ಅಷ್ಟೇ ಇರಲಿ.

ಓದೋದನ್ನು ಈಗಲೇ ಶುರು ಮಾಡಿ. ಪ್ರವಾಸಿ ತಾಣ ಹೇಗೆ ಬೆಳೆದು, ಹೇಗೆ ನಿಂತುಬಿಡುತ್ತದೆ ಅನ್ನೋದಕ್ಕೆ ಬಟ್ಲರ್ 1980ರಲ್ಲಿ ಕೊಟ್ಟ ಮಾದರಿ ಗೊತ್ತಿರಲೇಬೇಕು. ಅದಕ್ಕಿಂತ ನಿಮಗೆ ಜಾಸ್ತಿ ಬೇಕಾಗೋದು ಉಳಿಯುವ ಅವಧಿಯ ಮೇಲಿನ ಲೇಖನಗಳು, ಅದೇ ಒಂದು ದೊಡ್ಡ ಶಾಖೆ. ಹೋಟೆಲ್ ಅಂದ ತಕ್ಷಣ ಎಲ್ಲರೂ ಸರ್ವ್‌ಕ್ವಾಲ್ ಅನ್ನೋ ಪ್ರಶ್ನಾವಳಿ ಹಿಡಿದು ಸೇವೆಯ ಗುಣಮಟ್ಟ ಅಳೆಯೋಕೆ ಹೊರಡುತ್ತಾರೆ, ನೀವು ಆ ಕಡೆ ಹೋಗಬೇಡಿ. ನಿಮ್ಮ ಗೆಸ್ಟ್ ವಾಪಸ್ ಹೋಗುತ್ತಿರೋದು ನಿಮ್ಮ ಸೇವೆ ಸರಿ ಇಲ್ಲ ಅಂತ ಅಲ್ಲವಲ್ಲ.

ಕಾವೇರಿತೀರ_ಹೋಂಸ್ಟೇ:

ನಾನು ಶ್ರೀರಂಗಪಟ್ಟಣದ ಹತ್ತಿರ ಸಣ್ಣ ಹೋಂಸ್ಟೇ ನಡೆಸುತ್ತೇನೆ. ಓದಿದವರ ಮಧ್ಯೆ ಮಾತಾಡ್ತಾ ಇದ್ದೀನಿ, ಆದರೂ ಹೇಳಲೇಬೇಕು. ನಮ್ಮ ಕಡೆಗೆ ಫಾರಂ ಹಿಡಿದುಕೊಂಡು ಬಂದ ಹುಡುಗ ಹುಡುಗಿಯರಿಗೆ ಲೆಕ್ಕ ಇಲ್ಲ. ಎಲ್ಲರಿಗೂ ಕೂರಿಸಿ, ಟೀ ಕೊಟ್ಟು, ಉತ್ತರ ಬರೆದುಕೊಟ್ಟಿದ್ದೇವೆ. ಏನು ಗೊತ್ತಾಯಿತು ಅಂತ ಒಬ್ಬರೂ ವಾಪಸ್ ಬಂದು ಹೇಳಲಿಲ್ಲ. ನೀವು ಮಾಡೋದಾದರೆ ಮುಗಿದ ಮೇಲೆ ಎರಡು ಪುಟ ಕನ್ನಡದಲ್ಲಿ ಬರೆದು ನಮಗೂ ಕೊಡಿ ಮೇಡಂ. ನಾನು ಕೇಳೋದು ಇಷ್ಟೇ.

ಇನ್ನೊಂದು. ನಮ್ಮ ಅನುಭವದಲ್ಲಿ ಎರಡನೇ ದಿನ ಉಳಿಯೋದನ್ನು ತೀರ್ಮಾನ ಮಾಡೋದು ಮಕ್ಕಳು ಮತ್ತು ವಯಸ್ಸಾದವರು. ಬೆಳಿಗ್ಗೆ ರಂಗನತಿಟ್ಟಿನಲ್ಲಿ ದೋಣಿ ಹತ್ತಿ ಬಂದ ಮಗು "ನಾಳೆನೂ ಹೋಗೋಣ" ಅಂದರೆ ಅಪ್ಪ ಸೋಮವಾರ ರಜೆ ಹಾಕುತ್ತಾರೆ. ಅಜ್ಜಿಗೆ ಮೇಲುಕೋಟೆಗೆ ಹೋಗಬೇಕು ಅನ್ನಿಸಿದರೆ ಆವತ್ತು ರಾತ್ರಿ ಇಲ್ಲೇ. ನಿಮ್ಮ ಫಾರಂ ತುಂಬೋದು ಗಾಡಿ ಓಡಿಸಿಕೊಂಡು ಬಂದ ಯಜಮಾನ ಒಬ್ಬನೇ ಆದರೆ ಈ ವಿಷಯ ಹೇಗೆ ಬರುತ್ತದೆ? ಮಂಡ್ಯ ಜಿಲ್ಲೆಯನ್ನೂ ಬಿಡಬೇಡಿ. ಮೈಸೂರು ನೋಡೋಕೆ ಬಂದವರು ಉಳಿಯಲು ಕಾರಣ ಎಷ್ಟೋ ಸಲ ನಮ್ಮ ಕಡೆ ಇರುತ್ತದೆ.

ಹಳೇಹೆದ್ದಾರಿ:

ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಅಕ್ಕ, ಇದನ್ನು ಬರೆದಿಟ್ಟುಕೊಳ್ಳಿ. ತೀರ್ಮಾನ ಮಾಡೋದು ಇಡೀ ಕುಟುಂಬ, ನಾವು ಕೇಳೋದು ಒಬ್ಬರನ್ನ. ನನ್ನ ಪ್ರಕಾರ ನಿಮ್ಮ ಸಂಶೋಧನೆಗೆ ಇದೇ ಹೊಸ ಅಂಶ ಆಗಬಹುದು. ಮನೆಯವರೆಲ್ಲ ಒಟ್ಟಿಗೆ ಇರುವಾಗ ಮಾತಾಡಿಸಿ.

ಫ್ರಂಟ್‌ಆಫೀಸ್_ಮೈಸೂರು:

ಎಲ್ಲರಿಗೂ ಮನಸಾರೆ ಧನ್ಯವಾದ. ಡಿಸೆಂಬರ್ ನೆಟ್‌ಗೆ ಅರ್ಜಿ ಹಾಕುತ್ತೇನೆ. ಜೆಆರ್‌ಎಫ್ ಬಂದರೆ ಮನೆಯಲ್ಲಿ ಕೂತು ಮಾತಾಡಿ ಫುಲ್ ಟೈಮ್ ಬಗ್ಗೆ ಯೋಚನೆ, ಬರದಿದ್ದರೆ ಪಾರ್ಟ್ ಟೈಮ್. ಒಂದೇ ಒಂದು ಕೊನೆಯ ಪ್ರಶ್ನೆ. ನಮ್ಮ ಹೋಟೆಲ್‌ನ ಸಿಸ್ಟಂನಲ್ಲಿ ಹಳೇ ಬುಕಿಂಗ್ ಎಲ್ಲಾ ಇದೆ. ಯಾರು ಎಷ್ಟು ರಾತ್ರಿ ಇದ್ದರು, ಯಾವ ಊರಿನಿಂದ ಬಂದರು, ಎಕ್ಸ್‌ಪ್ರೆಸ್‌ವೇಗಿಂತ ಮುಂಚಿನದೂ ಇದೆ. ಬಳಸಬಹುದಾ?

ಗಂಗೋತ್ರಿ_ಮೇಷ್ಟ್ರು:

ಚಿನ್ನದಂಥ ಮಾಹಿತಿ. ಆದರೆ ಅದು ನಿಮ್ಮದಲ್ಲ, ಹೋಟೆಲ್‌ನದು, ಅದರೊಳಗಿನ ಹೆಸರು, ಫೋನ್ ನಂಬರ್ ಗೆಸ್ಟ್‌ಗಳದು. ಕೆಲಸದ ಲಾಗಿನ್ ಇದೆ ಅಂತ ಸುಮ್ನೆ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಡಿ, ಕೆಲಸಕ್ಕೂ ಕುತ್ತು, ಥೀಸಿಸ್‌ಗೂ ಕುತ್ತು. ಆಡಳಿತದವರಿಗೆ ಪತ್ರ ಬರೆಯಿರಿ. ಹೆಸರು, ನಂಬರ್, ವಿಳಾಸ, ಗುರುತಿನ ಚೀಟಿ ಎಲ್ಲಾ ತೆಗೆದು, ಬಂದ ತಾರೀಖು, ಹೋದ ತಾರೀಖು, ಊರು, ಎಷ್ಟು ಜನ, ರೂಮ್ ರೇಟ್ ಇಷ್ಟು ಮಾತ್ರ ಅವರೇ ತೆಗೆದುಕೊಡಲಿ. ಥೀಸಿಸ್‌ನಲ್ಲಿ ಹೋಟೆಲ್ ಹೆಸರು ಹಾಕಲ್ಲ ಅಂತಲೂ ಪತ್ರದಲ್ಲಿ ಬರೆಯಿರಿ, ಒಪ್ಪೋ ಸಾಧ್ಯತೆ ಜಾಸ್ತಿ. ಕೋವಿಡ್ ವರ್ಷಗಳನ್ನು ಬೇರೆಯಾಗಿಯೇ ನೋಡಬೇಕಾಗುತ್ತದೆ, 2020 ಮತ್ತು 2021ರ ಅಂಕಿ ಸೇರಿಸಿಕೊಂಡು ರಸ್ತೆಯ ಪರಿಣಾಮ ಅಂತ ಹೇಳೋಕಾಗಲ್ಲ. ಎನ್‌ಒಸಿ ಕೇಳುವ ದಿನವೇ ಈ ಪತ್ರವನ್ನೂ ಕೊಡಿ.

ಕಾವೇರಿತೀರ_ಹೋಂಸ್ಟೇ:

ನನ್ನ ರಿಜಿಸ್ಟರ್ ಬೇಕಾದರೆ ಬನ್ನಿ ಮೇಡಂ, ಹೆಸರು ಬಿಟ್ಟು ಮಿಕ್ಕಿದ್ದೆಲ್ಲ ನಾನೇ ಓದಿ ಹೇಳುತ್ತೇನೆ, ನೀವು ಬರೆದುಕೊಳ್ಳಿ. ಅಕ್ಕಪಕ್ಕದ ಹೋಂಸ್ಟೇಯವರಿಗೂ ಮಾತಾಡಿ ಇಡುತ್ತೇನೆ. ಶನಿವಾರ, ಭಾನುವಾರ ಬಿಟ್ಟು ಬನ್ನಿ, ಆವಾಗ ಎಲ್ಲರಿಗೂ ಬಿಡುವಿರುತ್ತದೆ.